ಹೊತ್ತೂ ಗಂಟೆಯೂ

ನಸುಕಿನಲ್ಲಿ ಏಳುವವನು ಸದಾಚಾರಿ, ಹೊತ್ತೇರಿದ ಮೇಲೆ ಏಳುವವನು ಸೋಮಾರಿ ಎಂಬ ನಂಬಿಕೆಯು ನಮ್ಮ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂಬ ಯೋಚನೆಯೇ ಸಾಮಾನ್ಯವಾಗಿ ಯಾರಿಗೂ ಹುಟ್ಟುವುದಿಲ್ಲ. ಸ್ವದೇಶದಲ್ಲಿ ಇರುವವರೆಗೆ ಪರೀಕ್ಷಿಸಬೇಕಾದ ಸಂದರ್ಭವೂ ಒದಗುವುದಿಲ್ಲ. ಆದರೆ ಆಸ್ಪತ್ರೆಯ ಕೆಲಸಕ್ಕೋ ಗಣಕೋದ್ಯಮದ ಕೆಲಸಕ್ಕೋ ಬಂದು ಡಬ್ಲಿನ್, ಕಾರ್ಕ್, ಗಾಲ್ವೇ ಮೊದಲಾದ ಐರ್ಲೆಂಡಿನ ಊರುಗಳಲ್ಲಿ ನೆಲೆಯೂರಿರುವ ಕನ್ನಡ ಸಂಸಾರಗಳಲ್ಲಿ ಈ ನಂಬಿಕೆಯು ವಿಲಕ್ಷಣವಾದ ಇಕ್ಕಟ್ಟಿಗೆ ಸಿಲುಕುತ್ತದೆ. ಡಿಸೆಂಬರಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದವನಿಗೆ ಸೂರ್ಯೋದಯವಾಗಲು ಇನ್ನೂ ಮೂರೂವರೆ ಗಂಟೆಗಿಂತ ಹೆಚ್ಚು ಕಾಲ ಉಳಿದಿರುತ್ತದೆ. ಜೂನಿನ ನಡುವೆ ಡಬ್ಲಿನ್ನಿನಲ್ಲಿ ಅದೇ ಐದಕ್ಕೆ ಎದ್ದವನಿಗೆ ಸೂರ್ಯನು ಆಗಲೇ ಮೂಡಿರುತ್ತಾನೆ. ಒಂದೇ ಗಂಟೆಗೆ ಎದ್ದ ಒಬ್ಬನೇ ಮನುಷ್ಯನು ಒಂದು ಋತುವಿನಲ್ಲಿ ನಡುರಾತ್ರಿಯಲ್ಲಿ ಎದ್ದವನೂ ಇನ್ನೊಂದು ಋತುವಿನಲ್ಲಿ ಹೊತ್ತು ಮೀರಿ ಎದ್ದವನೂ ಆಗುವುದಾದರೆ, ‘ಬೇಗ ಏಳುವುದು’ ಎಂಬ ಮಾತಿಗೆ ನಾವು ಕೊಡುತ್ತಿರುವ ಅರ್ಥವಾದರೂ ಏನು? ಈ ದೇಶದಲ್ಲಿ ಕಳೆದ ಹಲವು ಚಳಿಗಾಲಗಳಲ್ಲಿ ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ನೋಡಿದಷ್ಟೂ ಅದು ಏಳುವ ವೇಳೆಯೊಂದಕ್ಕೆ ಮಾತ್ರ ಸಂಬಂಧಿಸಿದ್ದಲ್ಲವೆಂದೂ, ಒಳ್ಳೆಯ ಅಭ್ಯಾಸವೆಂದರೆ ಯಾವುದು ಎಂಬ ದೊಡ್ಡ ಪ್ರಶ್ನೆಯ ಬಾಗಿಲೆಂದೂ ತೋರಿದೆ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ನಿರೂಪಿಸುವುದು ಯುಕ್ತ. ಏಕೆಂದರೆ ಅದು ಹಗುರವಾದ ಪಕ್ಷವಲ್ಲ. ಸ್ವಸ್ಥನಾದವನು ಆಯುಸ್ಸಿನ ರಕ್ಷಣೆಗಾಗಿ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ಆಯುರ್ವೇದದ ಆಚಾರ್ಯನಾದ ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದ ಆರಂಭದಲ್ಲಿಯೇ ವಿಧಿಸಿದ್ದಾನೆ. ಶತಮಾನಗಳ ಕಾಲ ರೈತರೂ ವೈದಿಕರೂ ವಿದ್ಯಾರ್ಥಿಗಳೂ ಗೃಹಿಣಿಯರೂ ಈ ವಿಧಿಯನ್ನು ಆಚರಿಸಿ ಅದರ ಫಲವನ್ನು ಕಂಡಿದ್ದಾರೆ. ಆ ಹೊತ್ತಿನಲ್ಲಿ ಗಾಳಿ ತಂಪಾಗಿರುತ್ತದೆ, ಮನೆ ನಿಶ್ಶಬ್ದವಾಗಿರುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುತ್ತದೆ, ದಿನದ ಕೆಲಸವು ನಮ್ಮನ್ನು ಅಟ್ಟಿಸಿಕೊಂಡು ಬರುವುದಕ್ಕೆ ಮುಂಚೆ ನಾವೇ ಅದಕ್ಕೆ ಮುಂದಾಗಿ ನಿಂತಿರುತ್ತೇವೆ. ಇದಲ್ಲದೆ, ಹಾಸಿಗೆಯ ಸುಖವನ್ನು ಪ್ರತಿದಿನವೂ ಗೆಲ್ಲುವವನಿಗೆ ಇತರ ಸುಖಗಳನ್ನು ಗೆಲ್ಲುವ ಬಲವೂ ಬರುತ್ತದೆಂಬ ನೈತಿಕ ಕಾರಣವೂ ಇದೆ. ಊರಿನಿಂದ ಮಗನ ಅಥವಾ ಮಗಳ ಮನೆಗೆಂದು ಐರ್ಲೆಂಡಿಗೆ ಬಂದು ಕೆಲವು ತಿಂಗಳು ಇರುವ ತಾಯಿತಂದೆಗಳು, ಮೊಮ್ಮಕ್ಕಳು ಎಂಟಕ್ಕೆ ಏಳುವುದನ್ನು ಕಂಡು ನೊಂದುಕೊಳ್ಳುವಾಗ ಅವರ ನೋವಿನ ಹಿಂದೆ ಈ ಎಲ್ಲ ಕಾರಣಗಳೂ ಒಟ್ಟಾಗಿ ನಿಂತಿರುತ್ತವೆ. ಅವರು ಹೇಳುವ ಮಾತು ಇಷ್ಟು: ದೇಶ ಬದಲಾದರೂ ಶಿಸ್ತು ಬದಲಾಗತಕ್ಕದ್ದಲ್ಲ, ಐದು ಗಂಟೆ ಎಂದರೆ ಎಲ್ಲಿದ್ದರೂ ಐದು ಗಂಟೆಯೇ.

ಈ ಕೊನೆಯ ವಾಕ್ಯದಲ್ಲಿಯೇ ಗೊಂದಲವು ಅಡಗಿದೆ. ಕನ್ನಡದಲ್ಲಿ ‘ಹೊತ್ತು’ ಎಂಬ ಶಬ್ದಕ್ಕೆ ಸೂರ್ಯನೆಂದೂ ಅರ್ಥ, ಕಾಲವೆಂದೂ ಅರ್ಥ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎನ್ನುವಾಗ ಸೂರ್ಯನನ್ನು ಹೇಳುತ್ತೇವೆ. ಹೊತ್ತಾಯಿತು, ಊಟದ ಹೊತ್ತು ಎನ್ನುವಾಗ ವೇಳೆಯನ್ನು ಹೇಳುತ್ತೇವೆ. ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟುಕೊಂಡಿದ್ದರೂ ನಮಗೆ ಎಂದೂ ತೊಡಕಾಗಲಿಲ್ಲ; ಅದಕ್ಕೆ ಕಾರಣ ನಮ್ಮ ನಾಡಿರುವ ಅಕ್ಷಾಂಶ. ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಅಂಶದಲ್ಲಿದೆ. ಅಲ್ಲಿ ವರ್ಷದ ಅತಿ ದೀರ್ಘವಾದ ಹಗಲು ಹದಿಮೂರು ಗಂಟೆಗೆ ಕೆಲವು ನಿಮಿಷ ಕಡಿಮೆ, ಅತಿ ಹ್ರಸ್ವವಾದ ಹಗಲು ಸುಮಾರು ಹನ್ನೊಂದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಸೂರ್ಯೋದಯದ ವೇಳೆಯು ವರ್ಷವಿಡೀ ಒಂದು ಗಂಟೆಯ ಅವಧಿಯೊಳಗೇ ಹಿಂದುಮುಂದಾಗುತ್ತದೆ. ಆದುದರಿಂದ ಗಡಿಯಾರ ಹೇಳುವ ವೇಳೆ, ಆಕಾಶ ಹೇಳುವ ವೇಳೆ, ನಿದ್ರೆ ತುಂಬಿದ ದೇಹ ಹೇಳುವ ವೇಳೆ ಎಂಬ ಮೂರೂ ಅಲ್ಲಿ ಹೆಚ್ಚುಕಡಿಮೆ ಒಂದಾಗಿಯೇ ಸಾಗುತ್ತವೆ. ಯಾವುದನ್ನು ಅನುಸರಿಸುತ್ತಿದ್ದೇವೆಂದು ಕೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಡಬ್ಲಿನ್ ಇರುವುದು 53 ಅಂಶದ ಆಚೆ. ಜೂನ್ 21ರ ಸುಮಾರಿಗೆ ಇಲ್ಲಿ ಬೆಳಗ್ಗೆ 4 ಗಂಟೆ 57 ನಿಮಿಷಕ್ಕೆ ಮೂಡಿದ ಸೂರ್ಯನು ರಾತ್ರಿ 9 ಗಂಟೆ 57 ನಿಮಿಷಕ್ಕೆ ಮುಳುಗುತ್ತಾನೆ: ಹಗಲು ಹದಿನೇಳು ಗಂಟೆ. ಡಿಸೆಂಬರ್ 21ರ ಸುಮಾರಿಗೆ 8 ಗಂಟೆ 38 ನಿಮಿಷಕ್ಕೆ ಮೂಡಿ ಸಂಜೆ 4 ಗಂಟೆ 8 ನಿಮಿಷಕ್ಕೆ ಮುಳುಗುತ್ತಾನೆ: ಹಗಲು ಏಳೂವರೆ ಗಂಟೆ. ಆ ದಿನದ ನಡುಹಗಲಿನಲ್ಲಿ ಸೂರ್ಯನು ಕ್ಷಿತಿಜದಿಂದ ಸುಮಾರು 13 ಅಂಶಕ್ಕಿಂತ ಮೇಲೇರುವುದಿಲ್ಲ. ಜೂನಿನ ನಡುರಾತ್ರಿಯಲ್ಲಿ ಅಷ್ಟೇ ಅಂಶಕ್ಕಿಂತ ಕೆಳಗಿಳಿಯುವುದೂ ಇಲ್ಲವಾದುದರಿಂದ ಬಡಗಣ ಆಕಾಶವು ರಾತ್ರಿಯಿಡೀ ಪೂರ್ತಿ ಕಪ್ಪಾಗದೆ ಉಳಿಯುತ್ತದೆ. ಕರ್ನಾಟಕದಲ್ಲಿ ಒಂದೇ ಹಗ್ಗದ ಮೂರು ಎಳೆಗಳಂತೆ ಹೊಸೆದುಕೊಂಡಿದ್ದ ಗಂಟೆ, ಸೂರ್ಯ ಮತ್ತು ದೇಹಗಳು ಇಲ್ಲಿ ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಬೇಗ ಏಳಬೇಕೆಂಬ ವಿಧಿಯು ಈ ಮೂರರಲ್ಲಿ ಯಾವುದಕ್ಕೆ ಕಟ್ಟಿದ್ದೆಂಬುದನ್ನು ಈಗ ಒಂದೊಂದಾಗಿ ವಿಚಾರಿಸಬೇಕಾಗುತ್ತದೆ.

1. ವಿಧಿಯು ಗಡಿಯಾರಕ್ಕೆ ಕಟ್ಟಿದ್ದು ಎನ್ನೋಣ. ಆದರೆ ಗಡಿಯಾರದ ಐದು ಗಂಟೆಯೆಂಬುದು ಪ್ರಕೃತಿಯ ಕೃತಿಯಲ್ಲ, ಶಾಸನದ ಕೃತಿ. ಭಾರತದ ಏಕರೂಪ ಕಾಲಮಾನವು ಜಾರಿಗೆ ಬಂದದ್ದು 1906ರಲ್ಲಿ. ಮುಂಬಯಿ ನಗರವು ತನ್ನ ಪ್ರತ್ಯೇಕ ಕಾಲಮಾನವನ್ನು 1955ರವರೆಗೂ ಬಿಡಲಿಲ್ಲ. ಆ ಏಕರೂಪ ಕಾಲವನ್ನು ಎಂಬತ್ತೆರಡೂವರೆ ಅಂಶದ ರೇಖಾಂಶಕ್ಕೆ ಹೊಂದಿಸಿರುವುದರಿಂದ ಮಂಗಳೂರಿನಲ್ಲಿ ಗಡಿಯಾರವು ಸೂರ್ಯನಿಗಿಂತ ಸುಮಾರು ಅರ್ಧ ಗಂಟೆ ಮುಂದೆ ಓಡುತ್ತದೆ. ಅಲ್ಲಿ ಐದಕ್ಕೆ ಎದ್ದವನು ಸೂರ್ಯನ ಲೆಕ್ಕದಲ್ಲಿ ನಾಲ್ಕೂವರೆಗೆ ಎದ್ದಿರುತ್ತಾನೆ. ಐರ್ಲೆಂಡಿನ ಇತಿಹಾಸವು ಇನ್ನೂ ಬೋಧಪ್ರದ. 1880ರ ಕಾನೂನಿನಂತೆ ಇಲ್ಲಿನ ಅಧಿಕೃತ ಕಾಲವು ಡನ್ಸಿಂಕ್ ವೀಕ್ಷಣಾಲಯದ ಡಬ್ಲಿನ್ ಕಾಲವಾಗಿದ್ದು, ಗ್ರೀನಿಚ್ಚಿಗಿಂತ 25 ನಿಮಿಷ 21 ಸೆಕೆಂಡು ಹಿಂದಿತ್ತು. 1916ರ ಅಕ್ಟೋಬರ್ 1ರಂದು ಬ್ರಿಟಿಷ್ ಸಂಸತ್ತಿನ ಶಾಸನವು ಆ ವ್ಯತ್ಯಾಸವನ್ನು ಅಳಿಸಿತು. 1968ರಲ್ಲಿ ಇದೇ ದೇಶವು ವರ್ಷವಿಡೀ ಗ್ರೀನಿಚ್ಚಿಗಿಂತ ಒಂದು ಗಂಟೆ ಮುಂದಿನ ಕಾಲವನ್ನು ಅಂಗೀಕರಿಸಿತು. ಅದರ ಫಲವಾಗಿ ಡಿಸೆಂಬರಿನ ಸೂರ್ಯೋದಯವು ಒಂಬತ್ತೂವರೆಯ ಆಚೆಗೆ ಹೋಯಿತು. 1971ರ ತಿದ್ದುಪಡಿಯಿಂದ ಚಳಿಗಾಲಕ್ಕೆ ಮಾತ್ರ ಒಂದು ಗಂಟೆ ಹಿಂದೆ ಸರಿಯುವ ಈಗಿನ ಕ್ರಮವು ಏರ್ಪಟ್ಟಿತು. ಹೀಗಿರುವಾಗ ಮಾರ್ಚ್ ತಿಂಗಳ ಕೊನೆಯ ಭಾನುವಾರದ ಹಿಂದಿನ ದಿನ ಐದಕ್ಕೆ ಎದ್ದವನು ಮರುದಿನ ಅದೇ ಕ್ಷಣದಲ್ಲಿ ಎದ್ದರೆ ಆರಕ್ಕೆ ಎದ್ದವನಾಗುತ್ತಾನೆ. ರಾತ್ರಿ ಕಳೆಯುವುದರೊಳಗೆ ಅವನ ಸದಾಚಾರವು ಒಂದು ಗಂಟೆಯಷ್ಟು ಕುಂದಿತೆಂದು ಯಾವ ವಿವೇಕಿಯೂ ಹೇಳಲಾರನು. ಆದುದರಿಂದ ಗಡಿಯಾರದ ಅಂಕೆಯಲ್ಲಿ ಸದ್ಗುಣವಿಲ್ಲ. ಅದು ಒಟ್ಟಿಗೆ ಬಾಳುವ ಜನರು ಸೌಕರ್ಯಕ್ಕಾಗಿ ಮಾಡಿಕೊಂಡ ಒಪ್ಪಂದ; ಒಪ್ಪಂದಕ್ಕೆ ಸಲ್ಲುವ ಗೌರವವು ಅದಕ್ಕೆ ಸಲ್ಲಬೇಕು, ಅದಕ್ಕಿಂತ ಹೆಚ್ಚಿನದಲ್ಲ.

2. ವಿಧಿಯು ಸೂರ್ಯನಿಗೆ ಕಟ್ಟಿದ್ದು ಎನ್ನೋಣ. ಶಾಸ್ತ್ರದ ಅಕ್ಷರಕ್ಕೆ ಇದೇ ಹೆಚ್ಚು ಸಮೀಪ; ಬ್ರಾಹ್ಮೀ ಮುಹೂರ್ತವನ್ನು ಎಣಿಸುವುದು ಸೂರ್ಯೋದಯದಿಂದ ಹಿಂದಕ್ಕೆ. ಒಂದು ಮುಹೂರ್ತವೆಂದರೆ 48 ನಿಮಿಷ, ಸೂರ್ಯೋದಯಕ್ಕೆ ಎರಡು ಮುಹೂರ್ತ ಮುಂಚೆ ಏಳಬೇಕು ಎಂಬ ರೂಢಿಯ ಲೆಕ್ಕವನ್ನು ಹಿಡಿದರೆ, ಡಬ್ಲಿನ್ನಿನಲ್ಲಿ ಡಿಸೆಂಬರಿನ ಬ್ರಾಹ್ಮೀ ಮುಹೂರ್ತವು ಏಳು ಗಂಟೆಗೆ ಆರಂಭವಾಗುತ್ತದೆ, ಜೂನಿನದು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ. ಇರುಳಿನ ಹದಿನೈದನೆಯ ಒಂದು ಭಾಗವೇ ಮುಹೂರ್ತವೆಂಬ ಇನ್ನೊಂದು ಲೆಕ್ಕವನ್ನು ಹಿಡಿದರೆ ಡಿಸೆಂಬರಿನಲ್ಲಿ ಆರೂವರೆಗೆ ಕೊಂಚ ಮುಂಚೆ, ಜೂನಿನಲ್ಲಿ ನಾಲ್ಕು ಗಂಟೆಗೆ. ಯಾವ ಲೆಕ್ಕವನ್ನು ಹಿಡಿದರೂ ಒಂದು ಅಂಶವು ಸ್ಪಷ್ಟವಾಗುತ್ತದೆ: ಡಿಸೆಂಬರಿನಲ್ಲಿ ಐದಕ್ಕೆ ಏಳುವವನು ಶಾಸ್ತ್ರವನ್ನು ಪಾಲಿಸುತ್ತಿಲ್ಲ, ಶಾಸ್ತ್ರವು ನಿದ್ರೆಗೆಂದು ಬಿಟ್ಟುಕೊಟ್ಟ ಕಾಲವನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಾನೆ. ಬಾಯ್ನ್ ನದಿಯ ಕಣಿವೆಯಲ್ಲಿ, ಮೀಥ್ ಕೌಂಟಿಯಲ್ಲಿರುವ ನ್ಯೂಗ್ರೇಂಜ್ ಎಂಬ ಶಿಲಾಸಮಾಧಿಯು ಕ್ರಿಸ್ತಪೂರ್ವ 3200ರ ಸುಮಾರಿನದು. ದಕ್ಷಿಣಾಯನದ ಕೊನೆಯ ದಿನಗಳ ಸೂರ್ಯೋದಯದ ಕಿರಣವು ಬಾಗಿಲ ಮೇಲಿನ ಕಿರುಗವಾಕ್ಷದಿಂದ ಒಳಹೊಕ್ಕು, ಸುಮಾರು 19 ಮೀಟರ್ ಉದ್ದದ ಓಣಿಯನ್ನು ದಾಟಿ, ಒಳಗಿನ ಕೋಣೆಯನ್ನು ಹದಿನೇಳು ನಿಮಿಷಗಳ ಕಾಲ ಬೆಳಗುವಂತೆ ಅದನ್ನು ಕಟ್ಟಿದ್ದಾರೆ. ಪುರಾತತ್ತ್ವಜ್ಞ ಮೈಕೆಲ್ ಒಕೆಲಿಯವರು 1967ರ ಡಿಸೆಂಬರ್ 21ರಂದು ಒಳಗೆ ನಿಂತು ಅದನ್ನು ಪ್ರತ್ಯಕ್ಷವಾಗಿ ಕಂಡರು. ಆ ಕಿರಣವು ಪ್ರವೇಶಿಸುವುದು ಈಗಿನ ಗಡಿಯಾರದ 8 ಗಂಟೆ 58 ನಿಮಿಷಕ್ಕೆ. ಸೂರ್ಯನ ಉದಯವನ್ನು ಅಷ್ಟು ಭಕ್ತಿಯಿಂದ, ಅಷ್ಟು ಸೂಕ್ಷ್ಮವಾದ ಗಣಿತದಿಂದ ಇದಿರುಗೊಂಡ ಆ ಜನರ ಪಾಲಿಗೆ ಪವಿತ್ರವಾದ ಪ್ರಾತಃಕಾಲವೆಂದರೆ ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಒಂಬತ್ತು ಗಂಟೆ ಎಂಬುದನ್ನು ನೆನೆದಾಗ, ಎಂಟಕ್ಕೆ ಏಳುವ ಡಿಸೆಂಬರಿನ ಮಗುವಿನ ಮೇಲೆ ನಾವು ಹೊರಿಸುವ ಆಲಸ್ಯದ ಅಪವಾದವು ಅನ್ಯಾಯವೆಂದೇ ನನಗೆ ತೋರುತ್ತದೆ. ಆದರೆ ಸೂರ್ಯನ ಪಕ್ಷಕ್ಕೂ ಜೂನ್ ತಿಂಗಳಲ್ಲಿ ತೊಡಕುಂಟು. ಹತ್ತಕ್ಕೆ ಹೊತ್ತು ಮುಳುಗುವ ನಾಡಿನಲ್ಲಿ ಮೂರು ಇಪ್ಪತ್ತಕ್ಕೆ ಏಳುವುದಾದರೆ, ಮುಳುಗಿದೊಡನೆ ಮಲಗಿದವನಿಗೂ ಸಿಗುವುದು ಐದೂವರೆ ಗಂಟೆಗಿಂತ ಕಡಿಮೆಯ ನಿದ್ರೆ. ಆಯುಸ್ಸಿನ ರಕ್ಷಣೆಗೆಂದು ಹೇಳಿದ ವಿಧಿಯು ಇಲ್ಲಿ ಆಯುಸ್ಸಿಗೇ ತೊಂದರೆ ತರುತ್ತದೆ.

3. ಆದುದರಿಂದ ಉಳಿದದ್ದು ದೇಹ. ನಮ್ಮ ಮೆದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆ, ದಿನವನ್ನು ಅಳೆಯುವ ಒಂದು ಸಣ್ಣ ನರಕೋಶಪುಂಜವಿದೆ. ಅದರ ಸ್ವಂತ ಆವರ್ತವು ಇಪ್ಪತ್ತನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಪ್ರತಿದಿನವೂ ಸರಿಹೊಂದುತ್ತದೆ. ಜೀವಕೋಶದೊಳಗೆ ಈ ಆವರ್ತವು ನಡೆಯುವ ರೀತಿಯನ್ನು ವಿವರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಎಂಬವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬೆಳಗಿನ ಬೆಳಕು ನಿದ್ರೆಯ ವೇಳೆಯನ್ನು ಮುಂಚಿತವಾಗಿಸುತ್ತದೆ, ಸಂಜೆಯ ನಂತರದ ಬೆಳಕು ಅದನ್ನು ತಡವಾಗಿಸುತ್ತದೆ. ಹರೆಯದ ಮಕ್ಕಳಲ್ಲಿ ಈ ಒಳಗಡಿಯಾರವೇ ತಡವಾಗಿ ಓಡುತ್ತದೆ. ಹದಿನೈದರ ಹುಡುಗನು ರಾತ್ರಿ ಹತ್ತಕ್ಕೆ ನಿದ್ದೆ ಬಾರದೆಂದರೆ ಎಲ್ಲ ಸಂದರ್ಭಗಳಲ್ಲಿಯೂ ಅದು ಅವಿಧೇಯತೆಯಲ್ಲ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬುದೂ, ಮಲಗುವ ಏಳುವ ವೇಳೆಗಳು ದಿನದಿಂದ ದಿನಕ್ಕೆ ಹೆಚ್ಚು ಏರುಪೇರಾಗಬಾರದೆಂಬುದೂ ವೈದ್ಯರ ಸಾಮಾನ್ಯ ಮತ. ಇಷ್ಟನ್ನು ಮುಂದಿಟ್ಟುಕೊಂಡು ನೋಡಿದರೆ ಹಳೆಯ ವಿಧಿಯ ಸ್ವಾರಸ್ಯವು ಬೇರೊಂದು ರೀತಿಯಲ್ಲಿ ಹೊಳೆಯುತ್ತದೆ. ಹಳ್ಳಿಯ ಮನೆಯಲ್ಲಿ ಒಂಬತ್ತರೊಳಗೆ ದೀಪ ಆರಿಸಿ ಮಲಗಿದವರು ನಾಲ್ಕೂವರೆಗೆ ಎದ್ದಾಗ ಅವರಿಗೆ ಏಳೂವರೆ ಗಂಟೆಯ ನಿದ್ರೆ ದೊರೆತಿರುತ್ತಿತ್ತು. ಎದ್ದು ಹಟ್ಟಿಗೋ ಹೊಲಕ್ಕೋ ಅಂಗಳಕ್ಕೋ ಹೋದೊಡನೆ ಮೊದಲ ಬೆಳಕು ಕಣ್ಣಿಗೆ ಬೀಳುತ್ತಿತ್ತು. ಬೇಗ ಏಳುವುದು ಎಂಬ ಅಭ್ಯಾಸವು ಒಂಟಿಯಾಗಿರಲಿಲ್ಲ. ಬೇಗ ಮಲಗುವುದು ಅದರ ಮೊದಲರ್ಧ, ಬೆಳಕಿಗೆ ಮುಖವೊಡ್ಡುವುದು ಅದರ ಫಲ. ಸಮುದ್ರ ದಾಟಿ ಬರುವಾಗ ನಾವು ಆ ಪೂರ್ಣವಸ್ತುವಿನ ನಡುವಿನ ತುಂಡೊಂದನ್ನು ಮಾತ್ರ ಕಟ್ಟಿಕೊಂಡು ಬಂದೆವು. ರಾತ್ರಿ ಹನ್ನೊಂದೂವರೆಯವರೆಗೆ ದೂರವಾಣಿಯ ಪರದೆಯನ್ನು ನೋಡಿ, ಐದಕ್ಕೆ ಎದ್ದು, ಕತ್ತಲೆಯಲ್ಲಿಯೇ ಅಡುಗೆಮನೆಯ ದೀಪದ ಕೆಳಗೆ ಮತ್ತೆ ಪರದೆಯನ್ನು ಹಿಡಿದು ಕೂರುವವನಲ್ಲಿ ಹಿರಿಯರ ಅಭ್ಯಾಸದ ಅಂಕೆಯಿದೆ, ಅಭ್ಯಾಸವಿಲ್ಲ.

ಶಾಸ್ತ್ರವನ್ನು ಬಿಟ್ಟು ವಿಜ್ಞಾನವನ್ನು ಹಿಡಿಯಬೇಕೆಂಬುದು ನನ್ನ ವಾದವೆಂದು ಇಲ್ಲಿ ಯಾರಾದರೂ ಊಹಿಸಬಹುದು. ಹಾಗಲ್ಲ. ಶಾಸ್ತ್ರವನ್ನೇ ಗಮನವಿಟ್ಟು ಓದಿದರೆ ಅದು ನಮಗಿಂತ ಹೆಚ್ಚು ಮೃದುವೂ ಹೆಚ್ಚು ವಿವೇಚನೆಯುಳ್ಳದ್ದೂ ಆಗಿದೆಯೆಂಬುದು ಗೊತ್ತಾಗುತ್ತದೆ. ಬ್ರಾಹ್ಮೀ ಮುಹೂರ್ತದ ವಿಧಿಯು ಸ್ವಸ್ಥನಾದವನಿಗೆ ಎಂಬ ವಿಶೇಷಣವನ್ನು ನಾವು ಹೇಳುವಾಗ ಬಿಟ್ಟುಬಿಡುತ್ತೇವೆ. ಹಿಂದಿನ ರಾತ್ರಿಯ ಆಹಾರವು ಜೀರ್ಣವಾಗಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸಿಕೊಂಡು ಏಳಬೇಕೆಂಬ ಷರತ್ತನ್ನು ಅಷ್ಟಾಂಗಸಂಗ್ರಹವು ಸೇರಿಸಿದೆ. ದಿನಚರ್ಯೆಯ ಅಧ್ಯಾಯದ ಬೆನ್ನಿಗೇ ಋತುಚರ್ಯೆಯ ಅಧ್ಯಾಯ ಬರುವುದು ಆಕಸ್ಮಿಕವಲ್ಲ. ಹೇಮಂತದಲ್ಲಿ ಇರುಳುಗಳು ದೀರ್ಘವಾಗಿರುವುದರಿಂದ ಮನುಷ್ಯನು ಬೆಳಗ್ಗೆಯೇ ಹಸಿದಿರುತ್ತಾನೆಂದೂ, ಅದಕ್ಕೆ ತಕ್ಕಂತೆ ಆಹಾರವಿಹಾರಗಳನ್ನು ಬದಲಿಸಿಕೊಳ್ಳಬೇಕೆಂದೂ ಅಲ್ಲಿ ಹೇಳಿದೆ. ಹಗಲುನಿದ್ರೆಯನ್ನು ಇತರ ಋತುಗಳಲ್ಲಿ ನಿಷೇಧಿಸಿದ ಆಯುರ್ವೇದವು ಗ್ರೀಷ್ಮದಲ್ಲಿ ಅದನ್ನು ಸಮ್ಮತಿಸುವುದಕ್ಕೆ ಕೊಡುವ ಕಾರಣಗಳಲ್ಲಿ ರಾತ್ರಿಯು ಹ್ರಸ್ವವಾಗಿರುವುದೂ ಒಂದು. ಇರುಳಿನ ಉದ್ದವು ಕೆಲವೇ ಗಂಟೆಯಷ್ಟು ಮಾತ್ರ ಬದಲಾಗುವ ನಾಡಿನವರೂ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರೆಂದಮೇಲೆ, ಒಂಬತ್ತೂವರೆ ಗಂಟೆಯಷ್ಟು ಬದಲಾಗುವ ನಾಡಿನಲ್ಲಿ ಅವರು ಏನು ಹೇಳುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ. ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸಿ, ದೇಶಕಾಲಗಳನ್ನು ನೋಡದೆ ಪಥ್ಯವನ್ನು ಹೇಳಬಾರದೆಂದವರು ಅವರೇ. ಅವರ ತೀರ್ಮಾನವನ್ನು ಮಾತ್ರ ಉಳಿಸಿಕೊಂಡು ತೀರ್ಮಾನಿಸುವ ವಿಧಾನವನ್ನು ತೊರೆದದ್ದು ನಾವು.

ಈ ಗೊಂದಲಕ್ಕೆ ಇನ್ನೂ ಆಳದಲ್ಲಿ ಒಂದು ಮೂಲವಿದೆ. ಅದನ್ನು ಬಿಡಿಸದೆ ಮುಂದುವರಿಯುವಂತಿಲ್ಲ. ನಮ್ಮ ಹಿರಿಯರ ಪ್ರತಿಯೊಂದು ಆಚಾರದ ಹಿಂದೆಯೂ ವೈಜ್ಞಾನಿಕ ಕಾರಣವಿದೆಯೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಈ ಮಾತನ್ನು ಆಡುವವರು ಆಚಾರಕ್ಕೆ ಬಲ ಕೊಡುತ್ತಿದ್ದೇವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವರು ವ್ರತವನ್ನೂ ಪಥ್ಯವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಎರಡನ್ನೂ ಕೆಡಿಸುತ್ತಾರೆ. ಪಥ್ಯವೆಂದರೆ ಒಂದು ಫಲಕ್ಕಾಗಿ ಮಾಡುವ ಆಚರಣೆ. ಫಲವು ಸಿಗದ ಕಡೆ ಅದು ಬದಲಾಗಬೇಕು, ಬದಲಾಗದಿದ್ದರೆ ಅದು ಮೂಢತೆ. ವ್ರತವೆಂದರೆ ಒಂದು ನಿಷ್ಠೆಗಾಗಿ ಮಾಡುವ ಆಚರಣೆ. ಫಲವು ಸಿಗಲಿಲ್ಲವೆಂದು ಅದನ್ನು ಬಿಡುವುದಾದರೆ ಅದು ವ್ರತವೇ ಅಲ್ಲ. ಜೈನರ ಅನಸ್ತಮಿತ ಭೋಜನವನ್ನು ನೋಡೋಣ. ಸೂರ್ಯಾಸ್ತದ ಮೇಲೆ ಉಣ್ಣಬಾರದೆಂಬ ನಿಯಮದ ಮೂಲವು ಅಹಿಂಸೆಯಲ್ಲಿದೆ: ಕತ್ತಲೆಯಲ್ಲಿ ಕಾಣದ ಸೂಕ್ಷ್ಮಜೀವಿಗಳಿಗೆ ಹಾನಿಯಾಗಬಾರದೆಂಬ ಕರುಣೆ. ಬೇಗ ಉಂಡರೆ ಜೀರ್ಣಕ್ಕೆ ಒಳ್ಳೆಯದೆಂಬುದು ಕರ್ನಾಟಕದಲ್ಲಿ ಆ ವ್ರತದ ಜೊತೆಗೆ ತಾನಾಗಿ ದೊರೆಯುತ್ತಿದ್ದ ಉಪಫಲ. ಡಬ್ಲಿನ್ನಿನಲ್ಲಿ ಆ ವ್ರತವನ್ನು ಹಿಡಿದ ಶ್ರಾವಕನು ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಕೊನೆಯ ಊಟವನ್ನು ಮುಗಿಸಬೇಕು. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೆ ಉಂಡು ಕೂಡಲೇ ಮಲಗಿದರೂ ಅವನಿಗೆ ವ್ರತಭಂಗವಿಲ್ಲ. ಡಿಸೆಂಬರಿನ ಅವನ ಕಷ್ಟವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಅದು ನಿಷ್ಠೆಯಿಂದ ಬಂದದ್ದು. ಆದರೆ ಅದನ್ನು ಆರೋಗ್ಯಶಾಸ್ತ್ರವೆಂದು ಸಮರ್ಥಿಸಲು ಹೊರಟರೆ ಜೂನ್ ತಿಂಗಳು ಅವನ ವಾದವನ್ನು ಮುರಿಯುತ್ತದೆ. ವಾದದೊಡನೆ ವ್ರತದ ಮೇಲಿನ ಮಕ್ಕಳ ಗೌರವವೂ ಮುರಿಯುವ ಅಪಾಯವಿದೆ. ಸಂಧ್ಯಾವಂದನೆಯನ್ನು ಮಾಡುವವನ ಸಂಗತಿಯೂ ಹೀಗೆಯೇ. ಅವನು ಸೂರ್ಯನಿಗೆ ಅರ್ಘ್ಯವನ್ನು ಕೊಡುವುದು ಸೂರ್ಯನಿಗಾಗಿ. ಆದುದರಿಂದ ಸೂರ್ಯನ ವೇಳೆಯೇ ಅವನ ವೇಳೆ. ಅದರಲ್ಲಿ ಶ್ವಾಸಕೋಶದ ವ್ಯಾಯಾಮವನ್ನು ಹುಡುಕುವುದು ಅವನಿಗೂ ಅಪಚಾರ, ವ್ಯಾಯಾಮಕ್ಕೂ ಅಪಚಾರ.

ಪಥ್ಯದ ಕಡೆಯಿಂದಲೂ ಒಂದು ಉದಾಹರಣೆಯನ್ನು ಕೊಡದಿದ್ದರೆ ವಿಚಾರವು ಪೂರ್ಣವಾಗದು. ಇದು ಎಳೆಯ ಪ್ರಾಣಗಳಿಗೆ ಸಂಬಂಧಿಸಿದ್ದಾದುದರಿಂದ ಇದರ ಮೇಲೆ ನನಗೆ ಹೆಚ್ಚಿನ ಕಾಳಜಿಯಿದೆ. ಎಣ್ಣೆಸ್ನಾನ ಮಾಡಿಸಿದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು ನಮ್ಮ ಮನೆಗಳ ವಾಡಿಕೆ. ಮೂಳೆಗಳಿಗೆ ಬೇಕಾದ ‘ಡಿ’ ಜೀವಸತ್ವವು ಚರ್ಮದಲ್ಲಿ ಹುಟ್ಟುವುದು ಬಿಸಿಲಿನ ಅತಿನೇರಳೆ ಕಿರಣದಿಂದ ಎಂಬುದು ನಿಜ. ಆದರೆ ಆ ಕಿರಣವು ಭೂಮಿಗೆ ತಲುಪಬೇಕಾದರೆ ಸೂರ್ಯನು ಆಕಾಶದಲ್ಲಿ ಸಾಕಷ್ಟು ಮೇಲಿರಬೇಕು. ಐರ್ಲೆಂಡಿನ ಅಕ್ಷಾಂಶದಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಸೂರ್ಯನು ಎಷ್ಟೇ ನಿರ್ಮಲವಾಗಿ ಬೆಳಗಿದರೂ ಚರ್ಮದಲ್ಲಿ ಅದು ಸಾಕಷ್ಟು ಉತ್ಪನ್ನವಾಗುವುದಿಲ್ಲ. ಕಪ್ಪುಚರ್ಮದವರಲ್ಲಿ ಇನ್ನೂ ಕಡಿಮೆ. ಚಳಿಗೆ ಹೆದರಿ ಕಿಟಕಿಯ ಗಾಜಿನ ಒಳಗಡೆ ಮಗುವನ್ನು ಮಲಗಿಸಿದರೆ ಬೆಳಕು ಬರುತ್ತದೆ, ಬೇಕಾದ ಕಿರಣವು ಗಾಜಿನಲ್ಲಿಯೇ ತಡೆದು ನಿಲ್ಲುತ್ತದೆ. ಅದಕ್ಕಾಗಿಯೇ ಎದೆಹಾಲುಣ್ಣುವ ಶಿಶುವಿಗೆ ಹುಟ್ಟಿನಿಂದ ಒಂದು ವರ್ಷದವರೆಗೆ ದಿನವೂ 5 ಮೈಕ್ರೋಗ್ರಾಮ್ ‘ಡಿ’ ಜೀವಸತ್ವದ ಹನಿಗಳನ್ನು ಕೊಡಬೇಕೆಂದು ಇಲ್ಲಿನ ಆರೋಗ್ಯ ಸೇವೆಯು ಹೇಳುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಅಷ್ಟೇ ಪ್ರಮಾಣವನ್ನು ಹ್ಯಾಲೋವೀನಿನಿಂದ ಸೇಂಟ್ ಪ್ಯಾಟ್ರಿಕ್ ದಿನದವರೆಗೆ, ಎಂದರೆ ಅಕ್ಟೋಬರ್ 31ರಿಂದ ಮಾರ್ಚ್ 17ರವರೆಗೆ ಕೊಡಬೇಕು. ಅರವತ್ತೈದು ದಾಟಿದವರು ದಿನಕ್ಕೆ 15 ಮೈಕ್ರೋಗ್ರಾಮ್ ತೆಗೆದುಕೊಳ್ಳಬೇಕು. ನಮ್ಮಂಥ ಬಣ್ಣದವರು ಬೇಸಗೆಯಲ್ಲಿಯೂ ಬಿಡಬಾರದು. ಈ ಸೂಚನೆಯನ್ನು ಮೊದಲ ಬಾರಿ ಓದಿದಾಗ ನನಗೆ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳಬೇಕು. ಹ್ಯಾಲೋವೀನ್ ಎಂದರೆ ಈ ನಾಡಿನ ಪುರಾತನ ಸೌವಿನ್ ಹಬ್ಬ. ಐರಿಷ್ ಪಂಚಾಂಗದಲ್ಲಿ ಅಂದಿಗೆ ಬೆಳಕಿನ ಅರ್ಧವರ್ಷವು ಮುಗಿದು ಕತ್ತಲೆಯ ಅರ್ಧವರ್ಷವು ತೊಡಗುತ್ತದೆ. ಇಲ್ಲಿನ ಸಾಂಪ್ರದಾಯಿಕ ಋತುಗಳನ್ನು ಎಣಿಸುವುದು ಚಳಿಸೆಕೆಗಳಿಂದಲ್ಲ, ಬೆಳಕಿನಿಂದ: ಫೆಬ್ರವರಿ 1ಕ್ಕೆ ಸಂತ ಬ್ರಿಜಿಡಳ ಹಬ್ಬದೊಡನೆ ವಸಂತವು ಆರಂಭವಾಗುತ್ತದೆ, ನವೆಂಬರ್ 1ಕ್ಕೆ ಚಳಿಗಾಲ. ಪ್ರಾಚೀನವಾದ ಹಬ್ಬವೊಂದನ್ನು ಗುರುತುಗಂಬವಾಗಿ ನೆಟ್ಟು ಆಧುನಿಕ ವೈದ್ಯವು ಪಥ್ಯವನ್ನು ಹೇಳುವುದೆಂದರೆ ಅದು ನಿಜವಾದ ಅರ್ಥದಲ್ಲಿ ಋತುಚರ್ಯೆ. ಹನಿಗಳನ್ನು ತಾಯಿ ಮಗುವಿನ ಬಾಯಿಗೆ ಬಿಡುವಾಗ ಎಳೆಬಿಸಿಲಿನ ವಾಡಿಕೆಯು ತನ್ನ ಉದ್ದೇಶವನ್ನು ಸಾಧಿಸುತ್ತದೆ. ಡಿಸೆಂಬರಿನ ಗಾಜಿನ ಹಿಂದೆ ಕೂಸನ್ನು ಹಿಡಿದು ಹನಿಗಳನ್ನು ಬೇಡವೆನ್ನುವ ಮನೆಯಲ್ಲಿ ವಾಡಿಕೆಯ ಆಕಾರ ಮಾತ್ರ ಉಳಿದು ಅದರ ಪ್ರಾಣವು ಹೋಗಿರುತ್ತದೆ.

ಈಗ ಆಕ್ಷೇಪಗಳನ್ನು ತೂಗಿ ನೋಡಬೇಕು. ಮೊದಲನೆಯದು, ಶಿಸ್ತಿನ ಪ್ರಯೋಜನವು ಅದರ ಫಲದಲ್ಲಿಲ್ಲ, ಕಷ್ಟದಲ್ಲಿಯೇ ಇದೆಯೆಂಬುದು: ದೇಹವು ಬೇಡವೆಂದಾಗಲೂ ಎದ್ದು ನಿಲ್ಲುವುದರಿಂದಲೇ ಸಂಕಲ್ಪವು ಗಟ್ಟಿಯಾಗುತ್ತದೆ. ಇದರಲ್ಲಿ ಸತ್ಯಾಂಶವುಂಟು. ಆದರೆ ಸಂಕಲ್ಪವನ್ನು ಬೆಳೆಸಲು ನಿದ್ರೆಯನ್ನೇ ಆರಿಸಿಕೊಳ್ಳಬೇಕೇಕೆ? ನಿದ್ರೆ ಕಡಿಮೆಯಾದವನಲ್ಲಿ ಮೊದಲು ಕುಂದುವುದೇ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ. ಮಧ್ಯಾಹ್ನ ಅವನು ಮಕ್ಕಳ ಮೇಲೆ ರೇಗುತ್ತಾನೆ, ಸಿಹಿಗೆ ಕೈಚಾಚುತ್ತಾನೆ, ಸಂಜೆಯ ನಡಿಗೆಯನ್ನು ತಪ್ಪಿಸುತ್ತಾನೆ. ಗೀತೆಯ ಆರನೆಯ ಅಧ್ಯಾಯವೂ ಅತಿನಿದ್ರೆಯವನನ್ನೂ ಅತಿಜಾಗರದವನನ್ನೂ ಯೋಗಕ್ಕೆ ಸಮಾನವಾಗಿ ಅನರ್ಹರೆಂದು ಎಣಿಸಿ ಮಿತಿಯನ್ನೇ ಮೆಚ್ಚಿದೆ. ಸಂಕಲ್ಪವೇ ಗುರಿಯಾದರೆ ಈ ನಾಡಿನಲ್ಲಿ ಅದಕ್ಕೆ ತಕ್ಕ ಗರಡಿ ಬೇರೆಡೆಯಿದೆ: ಜೂನಿನ ಸಂಜೆ ಒಂಬತ್ತಕ್ಕೆ, ಹೊರಗೆ ಹಗಲು ಇನ್ನೂ ಹೊಳೆಯುತ್ತಿರುವಾಗ, ನೆರೆಯ ಮಕ್ಕಳೆಲ್ಲ ಚೆಂಡಾಡುತ್ತಿರುವಾಗ, ದಪ್ಪ ಪರದೆಯನ್ನೆಳೆದು ಮಲಗುವುದು, ಡಿಸೆಂಬರಿನ ನಡುಹಗಲಿನಲ್ಲಿ ಮಳೆಗಾಳಿಯನ್ನು ಲೆಕ್ಕಿಸದೆ ಅರ್ಧ ಗಂಟೆ ಬಯಲಿನಲ್ಲಿ ನಡೆದು ಆ ಹದಿಮೂರು ಅಂಶದ ಸೂರ್ಯನ ಬೆಳಕನ್ನು ಕಣ್ಣಿಗೆ ತುಂಬಿಕೊಳ್ಳುವುದು. ಇವೆರಡೂ ಐದಕ್ಕೆ ಏಳುವುದಕ್ಕಿಂತ ಕಠಿನವೆಂಬುದು ನನ್ನ ಅನುಭವ. ಹೊಗಳುವವರು ಯಾರೂ ಇಲ್ಲದಿರುವುದರಿಂದ ಇನ್ನಷ್ಟು ಕಠಿನ.

ಎರಡನೆಯ ಆಕ್ಷೇಪವು ಇದು: ನಿಯಮಕ್ಕೆ ಕಾರಣವನ್ನು ಕೇಳುವ ರೂಢಿ ಬಂದರೆ ಪ್ರತಿಯೊಬ್ಬನೂ ತನಗೆ ಅನುಕೂಲವಾದ ಕಾರಣವನ್ನು ಹುಡುಕಿಕೊಂಡು ನಿಯಮವನ್ನೇ ಕರಗಿಸಿಬಿಡುತ್ತಾನೆ, ಅಲಸಿಗೆ ಅಕ್ಷಾಂಶವೇ ನೆಪವಾಗುತ್ತದೆ. ಈ ಭಯವು ನಿರಾಧಾರವಲ್ಲ, ಮನುಷ್ಯನ ಸ್ವಭಾವವನ್ನು ಬಲ್ಲವರಿಂದ ಬಂದದ್ದು. ಆದರೂ ಕಾರಣವನ್ನು ಕೇಳುವುದರಿಂದ ನಿಯಮವು ಸಡಿಲವಾಗಲೇಬೇಕೆಂದಿಲ್ಲ; ಎಷ್ಟೋ ಸಲ ಅದು ಬಿಗಿಯಾಗುತ್ತದೆ. ಏಳು ಗಂಟೆಯ ನಿದ್ರೆ, ಎದ್ದ ಕೂಡಲೇ ಬೆಳಕು, ವಾರವಿಡೀ ಒಂದೇ ವೇಳೆ ಎಂಬ ಮೂರನ್ನು ನಿಯಮವಾಗಿ ಹಿಡಿದವನಿಗೆ ಶನಿವಾರ ರಾತ್ರಿ ಎರಡರವರೆಗೆ ಎಚ್ಚರವಿದ್ದು ಭಾನುವಾರ ಹತ್ತಕ್ಕೆ ಏಳುವ ಸ್ವಾತಂತ್ರ್ಯವಿಲ್ಲ. ಐದು ಗಂಟೆಯ ವ್ರತಸ್ಥರಲ್ಲಿ ಅನೇಕರು ಆ ಸ್ವಾತಂತ್ರ್ಯವನ್ನು ಪ್ರತಿವಾರವೂ ಧಾರಾಳವಾಗಿ ಬಳಸಿಕೊಳ್ಳುವುದನ್ನು ಕಂಡಿದ್ದೇನೆ. ಇದಲ್ಲದೆ, ಅಂಕೆಯ ನಿಯಮದಿಂದ ಪೂರ್ಣವಾಗಿ ಹೊರಗುಳಿಯುವ ಜನರೂ ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಹನ್ನೆರಡು ಗಂಟೆಯ ರಾತ್ರಿಪಾಳಿಯನ್ನು ಮುಗಿಸಿ ಬಂದ ದಾದಿಯು ಬೆಳಗ್ಗೆ ಒಂಬತ್ತಕ್ಕೆ ಮಲಗುತ್ತಾಳೆ. ಬ್ರಾಹ್ಮೀ ಮುಹೂರ್ತದ ಹೊತ್ತಿಗೆ ಅವಳು ಯಾರದೋ ತಾಯಿಯ ಹಾಸಿಗೆಯ ಬಳಿ ನಾಡಿ ನೋಡುತ್ತಾ ನಿಂತಿದ್ದಳು. ಆ ಹೆಣ್ಣುಮಗಳಿಗೆ ಸದಾಚಾರದಲ್ಲಿ ಸ್ಥಾನವಿಲ್ಲವೆನ್ನುವ ನಿಯಮವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಅವಳು ಬೆಳಕನ್ನು ಮರೆಮಾಡಿ, ದೂರವಾಣಿಯ ಸದ್ದಡಗಿಸಿ, ತನ್ನ ಏಳು ಗಂಟೆಯ ನಿದ್ರೆಯನ್ನು ಕಾಪಾಡಿಕೊಂಡರೆ ವಾಗ್ಭಟನು ಹೇಳಿದ ಆಯುಸ್ಸಿನ ರಕ್ಷಣೆಯನ್ನು ಅವಳು ಪೂರ್ತಿಯಾಗಿ ಪಾಲಿಸಿದಂತಾಯಿತು. ಮನೆಯವರು ಆ ಹೊತ್ತಿನಲ್ಲಿ ಅವಳನ್ನು ಎಬ್ಬಿಸದಿರುವುದು ಅದೇ ಧರ್ಮದ ಇನ್ನೊಂದು ಭಾಗ.

ಮೂರನೆಯದು ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವ ಆಕ್ಷೇಪ. ಇದಕ್ಕೆ ಪೂರ್ಣವಾದ ಉತ್ತರವು ನನ್ನಲ್ಲಿದೆಯೆಂದು ಹೇಳಲಾರೆ. ಅಭ್ಯಾಸವು ಆರೋಗ್ಯಕ್ಕೆ ಮಾತ್ರವಲ್ಲ, ಸಂಬಂಧಕ್ಕೂ ಇದೆ. ಅಜ್ಜಿಯು ಎದ್ದಂತೆ ಮೊಮ್ಮಗಳೂ ಏಳುವುದರಿಂದ, ಅಲ್ಲಿ ನೀರು ಹಾಕಿ ರಂಗೋಲಿಯಿಟ್ಟ ಹೊತ್ತಿಗೆ ಇಲ್ಲಿಯೂ ಒಂದು ದೀಪ ಹೊತ್ತುವುದರಿಂದ, ಎಂಟು ಸಾವಿರ ಕಿಲೋಮೀಟರ್ ಆಚೆಯ ಮನೆಯೊಂದಿಗೆ ನಾವು ಕಟ್ಟಿಕೊಂಡಿರುತ್ತೇವೆ. ಆ ಕಟ್ಟನ್ನು ನಿದ್ರೆಯ ಲೆಕ್ಕ ಹೇಳಿ ಬಿಚ್ಚಬಹುದೆ? ಬಿಚ್ಚಬಾರದೆಂದೇ ನನ್ನ ಹೃದಯವೂ ಹೇಳುತ್ತದೆ. ಆದರೆ ಐದು ಎಂಬ ಅಂಕೆಯು ಆ ಕಟ್ಟನ್ನು ಹಿಡಿದಿದೆಯೇ ಎಂದು ಯೋಚಿಸುವಾಗ ಮತ್ತೆ ಹಳೆಯ ಗೊಂದಲವೇ ಎದುರಾಗುತ್ತದೆ. ಮೈಸೂರಿನಲ್ಲಿ ನನ್ನ ತಾಯಿ ನಾಲ್ಕೂವರೆಗೆ ಎದ್ದು ಬಾಗಿಲು ತೆರೆಯುವಾಗ ಇಲ್ಲಿ ಚಳಿಗಾಲದಲ್ಲಿ ಹಿಂದಿನ ರಾತ್ರಿಯ ಹನ್ನೊಂದು ಗಂಟೆ, ಬೇಸಗೆಯಲ್ಲಿ ನಡುರಾತ್ರಿ. ಅವರು ಸಂಜೆ ಆರಕ್ಕೆ ದೇವರ ಮುಂದೆ ದೀಪ ಹಚ್ಚುವಾಗ ನಾವು ಡಿಸೆಂಬರಿನಲ್ಲಿ ಹನ್ನೆರಡೂವರೆಯ ಊಟದ ಡಬ್ಬಿಯನ್ನು ಬಿಚ್ಚುತ್ತಿರುತ್ತೇವೆ. ಅವರ ಐದು ಗಂಟೆಯನ್ನು ನಾವು ಇಲ್ಲಿ ಪಾಲಿಸಿದಾಗ ಅವರು ಸ್ನಾನ, ಪೂಜೆ, ತಿಂಡಿಗಳನ್ನೆಲ್ಲ ಮುಗಿಸಿ ಹಗಲಿನ ಕೆಲಸದ ನಡುವೆ ಇರುತ್ತಾರೆ. ಅವರೊಡನೆ ಒಂದೇ ಕ್ಷಣದಲ್ಲಿ ಏಳಬೇಕೆಂದಿದ್ದರೆ ನಾವು ದೀಪವಾರಿಸಿ ಮಲಗುವ ಹೊತ್ತಿಗೆ ಏಳಬೇಕು. ಕಳೆದ ಚಳಿಗಾಲದಿಂದ ನಮ್ಮ ಮನೆಯಲ್ಲಿ ಮಕ್ಕಳು ರಾತ್ರಿ ಮಲಗುವ ಮುಂಚೆ, ಈಗ ಅಜ್ಜಿ ಏಳಲು ಎಷ್ಟು ಹೊತ್ತಿದೆ ಎಂದು ಕೇಳಿ ಲೆಕ್ಕ ಹಾಕುತ್ತಾರೆ.